ಫುಕೆಟ್‌ನಲ್ಲಿ ಹಡಗು ನಿಂತ ಒಂದು ಹಗಲು: ಸಕಲೇಶಪುರದ ಕುಟುಂಬವೊಂದರ ದ್ವೀಪ ಪ್ರವಾಸದ ಪ್ರಕರಣ ಅಧ್ಯಯನ

ಕುಟುಂಬ ಮತ್ತು ಕೋರಿಕೆ

ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರರೊಬ್ಬರಿಗೆ ಅರವತ್ತು ತುಂಬಿದಾಗ ಮನೆಯಲ್ಲಿ ಷಷ್ಟಿಪೂರ್ತಿ ಶಾಂತಿ ಶಾಸ್ತ್ರೋಕ್ತವಾಗಿ ನಡೆಯಿತು. ಅದರ ಜೊತೆಗೆ ಮಕ್ಕಳಿಬ್ಬರೂ ಸೇರಿ, ಸಿಂಗಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್ ಮತ್ತು ಥಾಯ್ಲೆಂಡಿನ ಫುಕೆಟ್ ದ್ವೀಪಗಳಲ್ಲಿ ಒಂದೊಂದು ಹಗಲು ನಿಂತು ಸಿಂಗಪುರಕ್ಕೇ ಮರಳುವ ನಾಲ್ಕು ರಾತ್ರಿಗಳ ಹಡಗು ಪ್ರವಾಸವನ್ನು ತಂದೆಗೆ ಉಡುಗೊರೆಯಾಗಿ ಗೊತ್ತುಮಾಡಿದರು. ಹಾಸನದಲ್ಲಿ ಪ್ರವಾಸದ ಏರ್ಪಾಡು ಮಾಡಿಕೊಡುವ ನನ್ನ ಬಳಿಗೆ ಅವರು ಬಂದದ್ದು ಹಡಗಿನ ಟಿಕೆಟ್ಟಿಗಾಗಿ ಅಲ್ಲ. ಅದನ್ನು ಮಗ ತಾನೇ ಕಾಯ್ದಿರಿಸಿ ಆಗಿತ್ತು. ಫುಕೆಟ್‌ನ ಆ ಒಂದು ಹಗಲನ್ನು ತಂದೆ ಮರೆಯದಂಥ ದ್ವೀಪ ಪ್ರವಾಸವನ್ನಾಗಿ ಮಾಡಿಕೊಡಬೇಕು ಎಂಬುದಷ್ಟೇ ಅವರ ಕೋರಿಕೆಯಾಗಿತ್ತು. ಹೆಸರುಗಳನ್ನು ಬಿಟ್ಟು ಆ ಏರ್ಪಾಡಿನ ಲೆಕ್ಕಾಚಾರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹೊರಟವರು ಒಟ್ಟು ಒಂಬತ್ತು ಜನ. ಯಜಮಾನರು ಮತ್ತು ಅವರ ಪತ್ನಿ. ಮಗ, ಸೊಸೆ, ಹನ್ನೊಂದು ಮತ್ತು ಏಳು ವರ್ಷದ ಇಬ್ಬರು ಮೊಮ್ಮಕ್ಕಳು. ಮಗಳು ಮತ್ತು ಅಳಿಯ. ಇವರ ಜೊತೆಗೆ ಯಜಮಾನರ ಅಕ್ಕ, ಮಕ್ಕಳೆಲ್ಲ ಅತ್ತೆ ಎಂದು ಕರೆಯುವ, ಅರವತ್ತೆಂಟು ವರ್ಷದ ಹಿರಿಯರು. ಈ ಪಟ್ಟಿಯಲ್ಲಿ ಯೋಜನೆಯ ದಿಕ್ಕನ್ನು ನಿರ್ಧರಿಸಿದ ಸಂಗತಿಗಳು ಮೂರು. ಯಜಮಾನರ ಪತ್ನಿಗೆ ಸಕ್ಕರೆ ಕಾಯಿಲೆಯಿದ್ದು, ಊಟಕ್ಕೆ ಮೊದಲು ಇನ್ಸುಲಿನ್ ತೆಗೆದುಕೊಳ್ಳುವವರಾದ್ದರಿಂದ ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ ಆಗಲೇಬೇಕಿತ್ತು. ಅತ್ತೆಗೆ ಎರಡೂ ಮಂಡಿ ನೋವು. ಈರುಳ್ಳಿ, ಬೆಳ್ಳುಳ್ಳಿಯನ್ನು ಅವರು ಮುಟ್ಟುವುದಿಲ್ಲ. ಕಿರಿಯ ಮೊಮ್ಮಗಳು ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ತಪ್ಪದೆ ವಾಂತಿ ಮಾಡಿಕೊಳ್ಳುವ ಮಗು.

ಪ್ರವಾಸದ ಕಾಲವನ್ನು ಏಪ್ರಿಲ್ ಮೊದಲ ವಾರಕ್ಕೆ ಇಟ್ಟುಕೊಂಡದ್ದು ಒಳ್ಳೆಯದೇ ಆಯಿತು. ನವೆಂಬರ್‌ನಿಂದ ಜನವರಿಯವರೆಗೆ ಅರೇಬಿಕಾ, ಆ ಬೆನ್ನಿಗೇ ರೊಬಸ್ಟಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ಸ್ಪ್ರಿಂಕ್ಲರ್ ಹಾಕುವ ಕೆಲಸ. ಬೆಳೆಗಾರ ತೋಟ ಬಿಟ್ಟು ಕದಲುವಂತಿಲ್ಲ. ಮಕ್ಕಳ ಪರೀಕ್ಷೆಯೂ ಮಾರ್ಚ್‌ನಲ್ಲಿ. ಅಂಡಮಾನ್ ಸಮುದ್ರದ ಕಡೆಯಿಂದ ನೋಡಿದರೆ ಸರಿಸುಮಾರು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನೈರುತ್ಯ ಮಾರುತ ನೇರವಾಗಿ ಫುಕೆಟ್‌ನ ಪಶ್ಚಿಮ ತೀರಕ್ಕೆ ಬಡಿಯುವುದರಿಂದ, ಆಗ ಕಡಲತೀರಗಳಲ್ಲಿ ನೀರಿಗಿಳಿಯಬೇಡಿ ಎನ್ನುವ ಕೆಂಪು ಬಾವುಟ ಹಾರುತ್ತಿರುತ್ತದೆ. ಏಪ್ರಿಲ್ 13ರಿಂದ 15ರವರೆಗೆ ಥಾಯ್ ಹೊಸ ವರ್ಷವಾದ ಸಾಂಗ್‌ಕ್ರಾನ್ ನಡೆಯುತ್ತದೆ. ಬೀದಿಬೀದಿಯಲ್ಲಿ ನೀರೆರಚಾಟದ ಸಂಭ್ರಮವಿರುವ ಆ ದಿನಗಳಲ್ಲಿ ಫುಕೆಟ್‌ನ ಪಶ್ಚಿಮ ತೀರದ ಪಾಟಾಂಗ್ ಪೇಟೆಯ ರಸ್ತೆಯಲ್ಲಿ ವ್ಯಾನು ಹೊತ್ತಿಗೆ ಸರಿಯಾಗಿ ತಲುಪುತ್ತದೆಂದು ಯಾರೂ ಭರವಸೆ ಕೊಡಲಾರರು. ಮಕ್ಕಳ ಪರೀಕ್ಷೆ ಮುಗಿದು ಸಾಂಗ್‌ಕ್ರಾನ್ ಶುರುವಾಗುವುದರ ನಡುವಿನ ಸಣ್ಣ ಸಂದಿನಲ್ಲಿ ಇವರ ದಿನಾಂಕ ಬಿದ್ದಿತ್ತು.

ವೀಸಾ ಮತ್ತು ವಿಮಾನದ ವಿಷಯದಲ್ಲಿ ಎರಡೇ ಮಾತು. ಹಡಗು ಸಿಂಗಪುರವನ್ನು ಬಿಟ್ಟು ಮತ್ತೆ ಅಲ್ಲಿಗೇ ಬರುವುದರಿಂದ ಸಿಂಗಪುರದ ವೀಸಾ ಒಂದಕ್ಕಿಂತ ಹೆಚ್ಚು ಬಾರಿಯ ಪ್ರವೇಶಕ್ಕೆ ಸಲ್ಲುವಂಥದ್ದೇ ಎಂದು ಪ್ರತಿಯೊಬ್ಬರ ಕಾಗದದಲ್ಲೂ ನೋಡಿಕೊಂಡೆವು. ಹಡಗು ಹೊರಡುವ ದಿನವೇ ಬೆಂಗಳೂರಿನಿಂದ ವಿಮಾನ ಹತ್ತುವ ಆಲೋಚನೆಯನ್ನು ಕೈಬಿಡಿಸಿ, ಹಿಂದಿನ ದಿನವೇ ಸಿಂಗಪುರ ಸೇರುವಂತೆ ಮಾಡಿದೆವು.

ಹತ್ತು ಗಂಟೆ ಎಂಬ ಭ್ರಮೆ

ಹಡಗಿನ ವೇಳಾಪಟ್ಟಿಯಲ್ಲಿ ಫುಕೆಟ್ ಆಗಮನ ಬೆಳಿಗ್ಗೆ 9, ನಿರ್ಗಮನ ಸಂಜೆ 7 ಎಂದಿತ್ತು. ಅದನ್ನು ನೋಡಿದ ಮಗ, ಕೈಯಲ್ಲಿ ಇಡೀ ಹತ್ತು ಗಂಟೆಗಳಿವೆ ಎಂದುಕೊಂಡು ಫಿ ಫಿ ದ್ವೀಪ, ಅಲ್ಲಿನ ಮಾಯಾ ಬೇ ಎಂಬ ಕೊಲ್ಲಿ, ಸಂಜೆ ಪಾಟಾಂಗ್‌ನಲ್ಲಿ ಬಜಾರು, ಅದರ ನಡುವೆ ದ್ವೀಪದ ಮರಳಿನ ಮೇಲೆ ಕೇಕು, ಬಲೂನು ಎಂದು ಒಂದು ಪಟ್ಟಿಯನ್ನೇ ಬರೆದು ತಂದಿದ್ದ. ನಾನು ಮೊದಲು ಮಾಡಿದ ಕೆಲಸವೆಂದರೆ ಆ ಹತ್ತು ಗಂಟೆಗಳನ್ನು ಕೊನೆಯಿಂದ ಹಿಂದಕ್ಕೆ ಎಣಿಸಿದ್ದು.

ಹೊರಡುವುದು 7ಕ್ಕೆ ಎಂದರೆ ಕೊನೆಯ ದೋಣಿ ದಡ ಬಿಡುವುದು 6ಕ್ಕೆ. ದೊಡ್ಡ ಹಡಗುಗಳು ಪಾಟಾಂಗ್ ಕೊಲ್ಲಿಯಲ್ಲಿ ದಡದಿಂದ ದೂರದಲ್ಲಿ ಲಂಗರು ಹಾಕಿ, ಟೆಂಡರ್ ಎಂದು ಕರೆಯುವ ದೋಣಿಗಳಲ್ಲಿ ಪ್ರಯಾಣಿಕರನ್ನು ತಂಡತಂಡವಾಗಿ ದಡಕ್ಕೆ ಬಿಡುವುದು ವಾಡಿಕೆ. ಸಾವಿರಗಟ್ಟಲೆ ಜನ ಹೀಗೆ ಇಳಿಯಬೇಕಾದಾಗ ಸರದಿಯ ಚೀಟಿ ಹಿಡಿದು ಕಾಯುವುದರಲ್ಲೇ ಒಂದು ಗಂಟೆ ಕಳೆದುಹೋಗಬಹುದು. ಹಡಗಿನವರೇ ನಡೆಸುವ ಪ್ರವಾಸಕ್ಕೆ ಹೆಸರು ಕೊಟ್ಟವರನ್ನು ಸಾಮಾನ್ಯವಾಗಿ ಮೊದಲು ಇಳಿಸುತ್ತಾರೆ, ಉಳಿದವರದು ಆಮೇಲೆ. ಪೆನಾಂಗ್‌ನಲ್ಲಾದರೆ ಈ ತೊಂದರೆಯಿಲ್ಲ: ಅಲ್ಲಿ ಹಡಗು ಜಾರ್ಜ್ ಟೌನ್ ಪೇಟೆಯ ಮಗ್ಗುಲಿಗೇ ಬಂದು ಕಟ್ಟೆಗೆ ತಾಗಿ ನಿಲ್ಲುತ್ತದೆ, ಇಳಿದು ನಡೆದರಾಯಿತು.

ಇದಕ್ಕಿಂತ ದೊಡ್ಡ ತೊಡಕು ಗಡಿಯಾರದ್ದು. ಥಾಯ್ಲೆಂಡ್‌ನ ಸಮಯ ಸಿಂಗಪುರದ ಸಮಯಕ್ಕಿಂತ ಒಂದು ಗಂಟೆ ಹಿಂದೆ. ಕೆಲವು ಹಡಗುಗಳು ಬಂದರಿಗೆ ತಕ್ಕಂತೆ ತಮ್ಮ ಗಡಿಯಾರವನ್ನು ತಿದ್ದಿಕೊಳ್ಳುತ್ತವೆ, ಕೆಲವು ತಿದ್ದಿಕೊಳ್ಳುವುದಿಲ್ಲ. ಈ ಹಡಗು ಉದ್ದಕ್ಕೂ ಸಿಂಗಪುರದ ಸಮಯವನ್ನೇ ಇಟ್ಟುಕೊಳ್ಳುತ್ತದೆಂದು ಹಡಗಿನ ಕಂಪನಿಗೆ ಬರೆದು ಕೇಳಿ ಖಚಿತಪಡಿಸಿಕೊಂಡೆವು. ಹಾಗಾದರೆ ಹಡಗಿನ ಸಂಜೆ 6 ಎಂಬುದು ಫುಕೆಟ್‌ನ ಸಂಜೆ 5. ಆದರೆ ಕೈಯಲ್ಲಿರುವ ಮೊಬೈಲ್, ದಡದ ನೆಟ್‌ವರ್ಕ್ ಸಿಕ್ಕಿದ ಕ್ಷಣದಲ್ಲೇ, ಯಾರನ್ನೂ ಕೇಳದೆ ಥಾಯ್ ಸಮಯಕ್ಕೆ ಹೊರಳಿಬಿಡುತ್ತದೆ. ಮೊಬೈಲನ್ನು ನಂಬಿದವರು 6ಕ್ಕೆ ದೋಣಿ ಎಂದು 5.45ಕ್ಕೆ ಓಡೋಡಿ ಬಂದರೆ, ಕೊನೆಯ ದೋಣಿ ಹೋಗಿ ಮುಕ್ಕಾಲು ಗಂಟೆಯಾಗಿರುತ್ತದೆ. ಇದಕ್ಕೆ ಪರಿಹಾರ ಸೂಚಿಸಿದವರು ಅತ್ತೆಯೇ. ಅವರ ಕೈಯಲ್ಲಿ ಇಂದಿಗೂ ಇರುವುದು ದಿನವೂ ಕೀಲಿ ಕೊಡುವ ಎಚ್‌ಎಂಟಿ ವಾಚು. “ಇದು ತಾನಾಗಿ ಮುಳ್ಳು ತಿರುಗಿಸಿಕೊಳ್ಳುವುದಿಲ್ಲವಲ್ಲ, ಸಿಂಗಪುರದಲ್ಲಿ ಒಮ್ಮೆ ಹೊಂದಿಸಿಕೊಟ್ಟುಬಿಡಿ, ಆಮೇಲೆ ಎಲ್ಲರೂ ನನ್ನನ್ನೇ ಕೇಳಲಿ” ಎಂದರು. ದ್ವೀಪದಿಂದ ಯಾವಾಗ ಏಳಬೇಕೆಂಬ ಅಧಿಕಾರ ಅಲ್ಲಿಗೆ ಅವರ ಕೈಗೆ ಹೋಯಿತು.

ಫುಕೆಟ್ ಸಮಯದಲ್ಲೇ ಲೆಕ್ಕ ಹಾಕಿದರೆ ಚಿತ್ರ ಹೀಗಾಯಿತು. ಹಡಗು ನಿಲ್ಲುವುದು 8ಕ್ಕೆ. ದಡದಲ್ಲಿ ಕಾಲಿಡುವುದು ಬೇಗ ಎಂದರೆ 9.15. ಕೊನೆಯ ದೋಣಿ 5ಕ್ಕಾದರೂ, ಗುಡ್ಡದ ರಸ್ತೆಯ ವಾಹನ ದಟ್ಟಣೆ ಮತ್ತು ದೋಣಿಯ ಸಾಲನ್ನು ಗಮನದಲ್ಲಿಟ್ಟುಕೊಂಡು 3.15ಕ್ಕೇ ಪಾಟಾಂಗ್‌ಗೆ ಮರಳಿರಬೇಕೆಂದು ಗೆರೆ ಎಳೆದೆವು. ಹತ್ತು ಗಂಟೆ ಎಂದದ್ದು ಆರು ಗಂಟೆಗೆ ಇಳಿಯಿತು, ಅದರೊಳಗೇ ರಸ್ತೆ, ಬೋಟು, ಊಟ ಎಲ್ಲವೂ ಬರಬೇಕು. ಒಂದೂಮುಕ್ಕಾಲು ಗಂಟೆಯನ್ನು ಸುಮ್ಮನೆ ಕೈಬಿಡುವುದೇಕೆಂದು ಅಳಿಯ ಆಕ್ಷೇಪಿಸಿದರು. ಅದಕ್ಕೆ ನನ್ನ ಉತ್ತರ ಇಷ್ಟೇ ಇತ್ತು: ಇಳಿಯುವಾಗ ಆಗುವ ವಿಳಂಬದಿಂದ ದ್ವೀಪದಲ್ಲಿರುವ ಹೊತ್ತು ಕಡಿಮೆಯಾದೀತು, ಆದರೆ ಮರಳುವಾಗಿನ ವಿಳಂಬಕ್ಕೆ ಹಡಗನ್ನೇ ಬೆಲೆಯಾಗಿ ತೆರಬೇಕಾದೀತು.

ಮೂರು ದಾರಿಗಳು

ಹುಡುಗರ ಮನಸ್ಸಿದ್ದದ್ದು ಫಿ ಫಿ ದ್ವೀಪಗಳ ಮೇಲೆ. ಫುಕೆಟ್‌ನಿಂದ ಆಗ್ನೇಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, ಆಡಳಿತದ ಲೆಕ್ಕದಲ್ಲಿ ಕ್ರಾಬಿ ಪ್ರಾಂತ್ಯಕ್ಕೆ ಸೇರಿದ ಈ ದ್ವೀಪಗಳ ಸುಣ್ಣಕಲ್ಲಿನ ಬಂಡೆಗಳು ಮತ್ತು ಹಸಿರು ನೀರು ಯಾರನ್ನಾದರೂ ಸೆಳೆಯುತ್ತವೆ. ಅದರಲ್ಲೂ ಮಾಯಾ ಬೇ ಪ್ರವಾಸಿಗರ ತುಳಿತಕ್ಕೆ ಹವಳ ಹಾಳಾಗಿ 2018ರ ಜೂನ್‌ನಲ್ಲಿ ಮುಚ್ಚಿ, 2022ರ ಜನವರಿಯಲ್ಲಿ ಮತ್ತೆ ತೆರೆದ ತಾಣ. ಈಗಲೂ ಪ್ರತಿವರ್ಷ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಅದನ್ನು ಮುಚ್ಚುತ್ತಾರೆ. ಬೋಟುಗಳು ಕೊಲ್ಲಿಯೊಳಗೆ ಬರುವಂತಿಲ್ಲ. ದ್ವೀಪದ ಹಿಂಬದಿಯಲ್ಲಿ ತೇಲುಗಟ್ಟೆಯ ಮೇಲೆ ಇಳಿದು ನಡೆದು ಬರಬೇಕು. ನೀರಿಗಿಳಿದು ಈಜುವುದಕ್ಕೆ ಅಲ್ಲಿ ಅನುಮತಿಯಿಲ್ಲ. ಈ ನಿಯಮಗಳು ನನಗೆ ಸರಿಯೆಂದೇ ತೋರುತ್ತವೆ, ಏಕೆಂದರೆ ಕೊಲ್ಲಿಯನ್ನು ಮುಚ್ಚಿ ಜನರ ಓಡಾಟ ನಿಂತ ಮೇಲೆಯೇ ಕಪ್ಪು ರೆಕ್ಕೆತುದಿಯ ಸಣ್ಣ ಶಾರ್ಕ್‌ಗಳು ಆ ಕೊಲ್ಲಿಗೆ ಮರಳಿವೆ. ಆದರೆ ಮಂಡಿ ನೋವಿನವರನ್ನು ಕರೆದುಕೊಂಡು ಹೋಗಿ, ನೀರಿಗಿಳಿಯದೆ, ಫೋಟೊ ತೆಗೆಸಿಕೊಂಡು ಬರುವುದಕ್ಕೆ ಸ್ಪೀಡ್‌ಬೋಟಿನಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ತೆರೆದ ಸಮುದ್ರದಲ್ಲಿ ಕುಕ್ಕಿಸಿಕೊಳ್ಳುವುದು ಈ ಕುಟುಂಬಕ್ಕೆ ಹೊಂದುವ ಮಾತಾಗಿರಲಿಲ್ಲ. ಲೆಕ್ಕದ ಪ್ರಕಾರ ಫಿ ಫಿಯಲ್ಲಿ ಅವರಿಗೆ ಸಿಗುತ್ತಿದ್ದದ್ದು ಊಟವೂ ಸೇರಿ ಒಂದೂವರೆ ಗಂಟೆ, ಅದೂ ಟೆಂಡರ್ ದೋಣಿ ತಡವಾಗದಿದ್ದರೆ.

ಎರಡನೆಯದು ಫಂಗ್ ನಾ ಕೊಲ್ಲಿ. 1981ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಕೊಲ್ಲಿಯಲ್ಲಿ ಸುಣ್ಣಕಲ್ಲಿನ ಗುಡ್ಡಗಳು ನೀರಿನಿಂದ ನೇರವಾಗಿ ಎದ್ದು ನಿಂತಿವೆ. ಕಂಬಗಳ ಮೇಲೆ ಕಟ್ಟಿದ ಕೋ ಪನ್ಯೀ ಎಂಬ ಮುಸ್ಲಿಂ ಮೀನುಗಾರರ ಹಳ್ಳಿಯೂ ಇಲ್ಲೇ ಇದೆ. ನೆಲದಿಂದ ಆವೃತವಾದ, ಆಳವಿಲ್ಲದ ನೀರಾದ್ದರಿಂದ ಬೋಟು ಹೆಚ್ಚು ಅಲುಗುವುದಿಲ್ಲ, ಘಾಟಿಯಲ್ಲೇ ವಾಂತಿ ಮಾಡುವ ಮಗುವಿಗೂ ತೊಂದರೆ ಕಡಿಮೆ. ನನ್ನ ಸ್ವಂತ ಒಲವು ಮೊದಮೊದಲು ಇದರ ಕಡೆಗೇ ಇತ್ತು. ಆದರೆ ಬೋಟು ಹತ್ತುವ ಜಾಗ ಫುಕೆಟ್‌ನ ಪೂರ್ವ ತೀರದಲ್ಲಿ; ಪಾಟಾಂಗ್‌ನಿಂದ ಅಲ್ಲಿಗೆ ರಸ್ತೆಯಲ್ಲೇ ಒಂದು ಗಂಟೆಯ ಮೇಲಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದು ಕುಳಿತು ನೋಡುವ ಪ್ರವಾಸ. ಯಜಮಾನರಿಗೆ ಬೇಕಾದದ್ದು ಅದಲ್ಲವೆಂಬುದು ಅಷ್ಟರಲ್ಲಿ ತಿಳಿದಿತ್ತು.

ಅವರಿಗೆ ಏನು ಬೇಕು ಎಂದು ಮಕ್ಕಳು ತಾವಾಗಿ ಕೇಳಿರಲಿಲ್ಲ. ಉಡುಗೊರೆ ಕೊಡುವವರು ಹಾಗೆ ಕೇಳುವುದು ನಮ್ಮಲ್ಲಿ ವಾಡಿಕೆಯೂ ಅಲ್ಲ. ನಾನು ಕೇಳಿದಾಗ ಅವರು, ಹುಡುಗನಾಗಿದ್ದಾಗ ಹೇಮಾವತಿಯಲ್ಲಿ ಈಜಿದವನು, ಮೀನು ಕಾಲಿಗೆ ತಾಗಿದ್ದು ನೆನಪಿದೆ, ಆದರೆ ನದಿಯ ನೀರು ಕದಡಿರುತ್ತದೆ, ಮೀನನ್ನು ನೀರೊಳಗೇ ನೋಡಿದ್ದಿಲ್ಲ, ಅದೊಂದು ಆಗುವುದಾದರೆ ಸಾಕು, ಕೇಕು ಗೀಕು ಯಾರಿಗೆ ಬೇಕು ಎಂದರು. ಅವರ ಪತ್ನಿಯ ಬೇಡಿಕೆ ಇನ್ನೂ ಚಿಕ್ಕದು: ಓಡಿಸಬಾರದು.

ಮೂರನೆಯ ದಾರಿ ಹೀಗೆ ಮುಂದೆ ಬಂತು. ಫುಕೆಟ್‌ನ ದಕ್ಷಿಣಕ್ಕಿರುವ ಕೋ ಹೇ, ಪ್ರವಾಸಿಗರ ಬಾಯಲ್ಲಿ ಕೋರಲ್ ಐಲ್ಯಾಂಡ್, ಚಲಾಂಗ್ ಜೆಟ್ಟಿಯಿಂದ ಸ್ಪೀಡ್‌ಬೋಟಿನಲ್ಲಿ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷದ ದಾರಿ. ಪಾಟಾಂಗ್‌ನಿಂದ ಚಲಾಂಗ್‌ಗೆ ರಸ್ತೆಯಲ್ಲಿ ಮುಕ್ಕಾಲು ಗಂಟೆ ಹಿಡಿದರೆ 10.50ರ ಹೊತ್ತಿಗೆ ದ್ವೀಪದಲ್ಲಿರಬಹುದು, 1.45ಕ್ಕೆ ಎದ್ದರೂ ಹತ್ತಿರಹತ್ತಿರ ಮೂರು ಗಂಟೆ ಸಿಗುತ್ತದೆ. ಹೆಸರಿಗೆ ಹವಳದ ದ್ವೀಪವಾದರೂ ಹವಳ ಹೇಳಿಕೊಳ್ಳುವಷ್ಟೇನೂ ಉಳಿದಿಲ್ಲವೆಂದು ಅವರಿಗೆ ಮೊದಲೇ ತಿಳಿಸಿದೆ. 2010ರಲ್ಲಿ ನೀರು ಬಿಸಿಯೇರಿ ಅಂಡಮಾನ್ ಸಮುದ್ರದುದ್ದಕ್ಕೂ ಹವಳ ಬಿಳಿಚಿಹೋಗಿತ್ತು, ಮೇಲಿಂದ ಜನರ ಓಡಾಟ ಬೇರೆ. ಆದರೂ ದಡದ ಹತ್ತಿರದಲ್ಲೇ, ತಿಳಿನೀರಿನಲ್ಲಿ, ಪಟ್ಟೆಪಟ್ಟೆಯ ಸಣ್ಣ ಮೀನುಗಳು ಧಾರಾಳವಾಗಿ ಕಾಣುತ್ತವೆ. ನೀರಿನಲ್ಲಿ ಮುಖವಿಟ್ಟು ಮೊದಲ ಬಾರಿಗೆ ನೋಡುವವರಿಗೆ ಅದು ಸಾಕು ಎಂಬುದು ನನ್ನ ಅಭಿಪ್ರಾಯ. ಫಿ ಫಿಯ ಹೆಸರಿಗೆ ಹೋಲಿಸಿದರೆ ಇದು ಊರ ಮುಂದಿನ ಕೆರೆ ಇದ್ದಂತೆ ಎಂದು ಮಗ ಬೇಸರಪಟ್ಟ. ತಂದೆ ಒಪ್ಪಿದ ಮೇಲೆ ಚರ್ಚೆ ಮುಗಿಯಿತು.

ಏರ್ಪಾಡು

ಹಡಗಿನವರ ಪ್ರವಾಸವನ್ನೇ ತೆಗೆದುಕೊಂಡಿದ್ದರೆ ಒಂದು ನಿಶ್ಚಿಂತೆಯಿತ್ತು: ಅವರ ಬೋಟು ತಡವಾಗಿ ಬಂದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವ ಹೊಣೆಯನ್ನು ಹೊರುತ್ತದೆ. ಸ್ವಂತ ಏರ್ಪಾಡಿನಲ್ಲಿ ಅದಿಲ್ಲ. ಈ ಕಾರಣಕ್ಕಾಗಿ ಬಹುಪಾಲು ಕುಟುಂಬಗಳಿಗೆ ನಾನು ಹಡಗಿನ ಪ್ರವಾಸವನ್ನೇ ಸೂಚಿಸುತ್ತೇನೆ. ಆದರೆ ಈ ಹಡಗಿನ ಪಟ್ಟಿಯಲ್ಲಿದ್ದ ದ್ವೀಪ ಪ್ರವಾಸಗಳೆಲ್ಲ ದೂರದವು, ದೊಡ್ಡ ಗುಂಪಿನವು. ಊಟದ ಹೊತ್ತು ಮಾರ್ಗದರ್ಶಿಯ ಇಚ್ಛೆಗೆ ಬಿಟ್ಟದ್ದು. ಊಟ ಹನ್ನೆರಡೂವರೆಯಿಂದ ಎರಡರವರೆಗೆ ಯಾವಾಗಲಾದರೂ ಆಗಬಹುದು ಎಂಬ ಉತ್ತರ ಬಂದಾಗ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ಒಪ್ಪಿಗೆಯಾಗುವಂಥದ್ದಲ್ಲವೆಂದು ಬಿಟ್ಟೆವು. ದ್ವೀಪ ಹತ್ತಿರದ್ದಾದ್ದರಿಂದಲೇ ಸ್ವಂತ ಏರ್ಪಾಡಿನ ಅಪಾಯ ಹೊರಬಹುದಾದಷ್ಟಕ್ಕೆ ಇಳಿದಿತ್ತು. ಫಿ ಫಿಗೆ ಹೋಗುವುದಾಗಿದ್ದರೆ ನಾನು ಸ್ವಂತ ಬೋಟಿಗೆ ಒಪ್ಪುತ್ತಿರಲಿಲ್ಲ.

ಫುಕೆಟ್‌ನ ಒಂದು ಸಣ್ಣ ಸಂಸ್ಥೆಯಿಂದ ಇಡೀ ಬೋಟನ್ನು ಇವರಿಗಾಗಿಯೇ ಗೊತ್ತುಮಾಡಿದೆವು. ಅವರಿಂದ ಬರೆಸಿಕೊಂಡ ಷರತ್ತುಗಳಲ್ಲಿ ಮುಖ್ಯವಾದದ್ದು, ಹಡಗು ಫುಕೆಟ್‌ನಲ್ಲಿ ನಿಲ್ಲದೆ ಹೋದರೆ ಹಣ ಪೂರ್ತಿ ವಾಪಸ್ಸು. ಅಲೆ ಹೆಚ್ಚಿದ್ದರೆ ಟೆಂಡರ್ ದೋಣಿ ಇಳಿಸುವುದು ಸುರಕ್ಷಿತವಲ್ಲವೆಂದು ಕ್ಯಾಪ್ಟನ್ ನಿಲುಗಡೆಯನ್ನೇ ರದ್ದುಮಾಡಬಹುದು. ಅದು ಅವರ ಹಕ್ಕು, ಯಾರೂ ಪ್ರಶ್ನಿಸುವಂತಿಲ್ಲ. ಆದರೆ ಬೋಟಿನ ಮುಂಗಡ ಹಣವನ್ನು ಹಡಗಿನ ಕಂಪನಿ ಕೊಡುವುದಿಲ್ಲ. ಎರಡನೆಯ ಷರತ್ತು ಲೈಫ್ ಜಾಕೆಟ್ಟಿನದು: ಏಳು ವರ್ಷದ ಮಗುವಿನ ಅಳತೆಯದು ಬೇಕೇ ಬೇಕು, ದೊಡ್ಡವರದ್ದನ್ನು ಬಿಗಿದು ಕಟ್ಟಿಕೊಡುವುದು ಆಗದು.

ಅತ್ತೆಯ ಮಂಡಿಯ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಯಿತು. ಹಡಗಿನ ಬದಿಯ ಕಟ್ಟೆಯಿಂದ ಟೆಂಡರ್ ದೋಣಿಗೆ ಕಾಲಿಡುವಾಗ ನಡುವಿನ ಅಂತರ ಅಲೆಯ ಜೊತೆ ಏರಿಳಿಯುತ್ತಿರುತ್ತದೆ. ನಾವಿಕರು ಕೈಬೆರಳನ್ನಲ್ಲ, ಮುಂಗೈಯನ್ನೇ ಹಿಡಿಯುತ್ತಾರೆ, ದೋಣಿ ಮೇಲೆ ಬಂದ ಕ್ಷಣ “ಈಗ” ಎನ್ನುತ್ತಾರೆ, ಆಗ ಹಿಂಜರಿಯದೆ ಕಾಲಿಡಬೇಕು. ತಾವಾಗಿ ಒಂದು ಹೆಜ್ಜೆ ಎತ್ತಿಡಲಾಗದವರನ್ನು ಅವರು ಇಳಿಸದಿರಲೂಬಹುದು. ಸ್ಪೀಡ್‌ಬೋಟಿನದು ಬೇರೆ ಬಗೆ: ಜೆಟ್ಟಿಯಿಲ್ಲದ ಕಡೆ ದಡದ ಬಳಿ ಮೊಣಕಾಲುದ್ದ ನೀರಿಗೆ ಏಣಿಯಲ್ಲಿ ಇಳಿಯಬೇಕಾಗುತ್ತದೆ. ಅತ್ತೆಗೆ ತೋಟದ ಜೀಪಿನ ಹಿಂಬದಿಯ ಮೆಟ್ಟಿಲನ್ನು ಹತ್ತಿ ಇಳಿಯುವ ಅಭ್ಯಾಸ ಮಾಡಿಕೊಳ್ಳಲು ಹೇಳಿದೆ, ಎತ್ತರ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ. ಸಂಜೆ ಹೊತ್ತು ಕಣದಲ್ಲಿ ಜೀಪು ನಿಲ್ಲಿಸಿ, ಅಳಿಯ ಮುಂಗೈ ಹಿಡಿದು, ಅವರು ಹತ್ತಿಳಿದದ್ದನ್ನು ಮೊಮ್ಮಗ ವಿಡಿಯೊ ಮಾಡಿ ನನಗೆ ಕಳುಹಿಸಿದ. ಹತ್ತುವುದು ಸಲೀಸಾಗಿತ್ತು, ಇಳಿಯುವಾಗ ಮುಖ ಬೋಟಿನ ಕಡೆಗಿರಬೇಕು, ಬೆನ್ನು ನೀರಿನ ಕಡೆಗಿರಬೇಕು ಎಂಬುದನ್ನು ಮತ್ತೆ ಹೇಳಬೇಕಾಯಿತು.

ಊಟದ ವಿಷಯ ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಥಾಯ್ ಅಡುಗೆಯಲ್ಲಿ ತರಕಾರಿ ಎಂದರೂ ಮೀನಿನ ಸಾಸು, ಸಿಗಡಿಯ ಪೇಸ್ಟು ಬೀಳುವುದು ಸಾಮಾನ್ಯ. ಆದರೆ ಫುಕೆಟ್‌ನಲ್ಲಿ ಚೀನೀ ಮೂಲದ ಜನ ಆಚರಿಸುವ ಒಂಬತ್ತು ದಿನಗಳ ಶಾಕಾಹಾರ ಹಬ್ಬ ಹೆಸರುವಾಸಿ, ಆ ಸಂಪ್ರದಾಯದ ‘ಜೇ’ ಅಡುಗೆಯಲ್ಲಿ ಮಾಂಸ, ಮೊಟ್ಟೆ, ಹಾಲಿನ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಹಳದಿ ಬಣ್ಣದ ಸಣ್ಣ ಬಾವುಟ ಕಟ್ಟಿದ ಅಂಥ ಅಡುಗೆಮನೆಯೊಂದರಿಂದ ಅತ್ತೆಗೆ ಅನ್ನ, ತೋಫು, ಸೊಪ್ಪಿನ ಪಲ್ಯದ ಡಬ್ಬಿ, ಉಳಿದವರಿಗೆ ಪಾಟಾಂಗ್‌ನ ಭಾರತೀಯ ಹೋಟೆಲೊಂದರಿಂದ ಊಟ, ಎರಡನ್ನೂ ವ್ಯಾನಿನಲ್ಲೇ ತರುವಂತೆ ಹೇಳಿದೆವು. ಹಡಗಿನ ಊಟದ ಕೋಣೆಯಿಂದ ಹಣ್ಣು ಅಥವಾ ತಿಂಡಿಯನ್ನು ದಡಕ್ಕೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಮನೆಯಿಂದ ತಂದ ಚಕ್ಕುಲಿ, ಕೋಡುಬಳೆ ಬೇರೆ ಮಾತು.

ಮದ್ದಿನ ಚೀಲದಲ್ಲಿ ಇನ್ಸುಲಿನ್ನಿಗೆ ತಂಪಿನ ಪೌಚು, ಮಂಜುಗಡ್ಡೆ ನೇರವಾಗಿ ತಾಗದಂತೆ. ಮೊಮ್ಮಗಳಿಗೆ ಮಕ್ಕಳ ವೈದ್ಯರು ಬರೆದುಕೊಟ್ಟ ವಾಂತಿ ತಡೆಯುವ ಮಾತ್ರೆ, ದೋಣಿ ಹತ್ತುವುದಕ್ಕೆ ಒಂದು ಗಂಟೆ ಮುಂಚೆ. ಯಜಮಾನರ ಪತ್ನಿಗೆ ರಬ್ಬರ್ ಅಡಿಯ ನೀರಿನ ಶೂ, ಏಕೆಂದರೆ ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ಹವಳದ ಚೂರಿನ ಮೇಲೆ ನಡೆದರೆ ಗಾಯವಾದದ್ದೂ ತಿಳಿಯದೆ ಹೋಗಬಹುದು. ಬಿಪಿ ಮಾತ್ರೆ ತೆಗೆದುಕೊಳ್ಳುವ ಯಜಮಾನರು ಸ್ನಾರ್ಕೆಲ್ (ನೀರಿನಲ್ಲಿ ಮುಖವಿಟ್ಟೇ ಉಸಿರಾಡುವ ಕೊಳವೆ) ಹಾಕಿಕೊಳ್ಳಬಹುದೇ ಎಂಬುದನ್ನು ಅವರ ವೈದ್ಯರನ್ನೇ ಕೇಳಿ ಒಪ್ಪಿಗೆ ಪಡೆದದ್ದಾಯಿತು. ಸನ್‌ಸ್ಕ್ರೀನ್ ಕೊಳ್ಳುವಾಗ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಇಲ್ಲದ್ದನ್ನೇ ನೋಡಿ ಕೊಳ್ಳಿ ಎಂದೆ. ಹವಳಕ್ಕೆ ಹಾನಿಕರವೆಂದು 2021ರಿಂದ ಥಾಯ್ಲೆಂಡಿನ ಸಮುದ್ರದ ರಾಷ್ಟ್ರೀಯ ಉದ್ಯಾನಗಳಲ್ಲಿ ಅಂಥವು ನಿಷಿದ್ಧ. ಕೋ ಹೇ ಉದ್ಯಾನದ ಗಡಿಯೊಳಗಿದೆಯೋ ಹೊರಗಿದೆಯೋ ಎಂದು ವಾದಿಸುವುದಕ್ಕಿಂತ ಬಳಸದಿರುವುದೇ ಸುಲಭ. ಕೇಕು ಹಡಗಿನ ರಾತ್ರಿಯೂಟಕ್ಕೆ ಹೋಯಿತು, ಬಲೂನು ಪಟ್ಟಿಯಿಂದಲೇ ಹೋಯಿತು.

ಆ ದಿನ

ಹಡಗು ಹೊತ್ತಿಗೆ ಸರಿಯಾಗಿ ಲಂಗರು ಹಾಕಿತು, ಆದರೆ ಸಣ್ಣ ಅಲೆಯಿದ್ದುದರಿಂದ ಟೆಂಡರ್ ದೋಣಿಗಳು ನಿಧಾನವಾಗಿ ತುಂಬಿದವು. ಇವರ ಸರದಿ ಬಂದು ಪಾಟಾಂಗ್‌ನ ತೇಲುಗಟ್ಟೆಯ ಮೇಲೆ ಕಾಲಿಟ್ಟಾಗ ಫುಕೆಟ್ ಸಮಯ 10.05, ಯೋಜನೆಗಿಂತ ಐವತ್ತು ನಿಮಿಷ ತಡ. ವ್ಯಾನು ಹೇಳಿದ ಜಾಗದಲ್ಲಿರಲಿಲ್ಲ. ಕಡಲತೀರದ ರಸ್ತೆಯಲ್ಲಿ ನಿಲ್ಲಿಸಲು ಬಿಡಲಿಲ್ಲವೆಂದು ಚಾಲಕ ಹಿಂದಿನ ಬೀದಿಗೆ ಹೋಗಿದ್ದ. ಅವನನ್ನು ಹುಡುಕಲು ಮತ್ತಷ್ಟು ಹೊತ್ತು. ಚಲಾಂಗ್‌ನ ಉದ್ದನೆಯ ಜೆಟ್ಟಿಯನ್ನು ದಾಟಿ ಬೋಟು ಹತ್ತಿ ಕೋ ಹೇ ತಲುಪಿದಾಗ 11.35 ಆಗಿತ್ತು. ಫಿ ಫಿಗೆ ಹೊರಟಿದ್ದರೆ ಆ ಹೊತ್ತಿಗೆ ಅವರು ಇನ್ನೂ ಸಮುದ್ರದ ನಡುವೆ ಇರುತ್ತಿದ್ದರು, ಇಳಿದ ಮೇಲೆ ಮುಕ್ಕಾಲು ಗಂಟೆಯಲ್ಲಿ ಮತ್ತೆ ಹತ್ತಬೇಕಾಗುತ್ತಿತ್ತು.

ದ್ವೀಪದ ಮುಖ್ಯ ಕಡಲತೀರದಲ್ಲಿ ಪ್ಯಾರಾಸೈಲಿಂಗ್ ದೋಣಿಗಳ ಗದ್ದಲವಿತ್ತು. ಬೋಟಿನವನು ಇವರನ್ನು ಅದಕ್ಕಿಂತ ಸಣ್ಣದಾದ, ಮರದ ನೆರಳಿದ್ದ ಇನ್ನೊಂದು ತೀರಕ್ಕೆ ಕರೆದೊಯ್ದ. ಅತ್ತೆ ಮುಖವನ್ನು ಬೋಟಿನ ಕಡೆಗಿಟ್ಟು, ಕಲಿತಂತೆಯೇ ಇಳಿದರು. ಯಜಮಾನರದ್ದೇ ತೊಂದರೆಯಾಯಿತು. ಅವರ ಮೀಸೆ ದಪ್ಪ. ಮುಖವಾಡದ ರಬ್ಬರಿನ ಅಂಚು ಮೀಸೆಯ ಮೇಲೆ ಕೂರದೆ, ತಲೆಯನ್ನು ನೀರಿಗೆ ಬಗ್ಗಿಸಿದಾಗಲೆಲ್ಲ ಮೂಗಿನ ತನಕ ಉಪ್ಪುನೀರು ಬಂದು ಕೆಮ್ಮಿ ಎದ್ದರು. ಮೂರ್ನಾಲ್ಕು ಸಲ ಹೀಗಾದ ಮೇಲೆ, ಆಯಿತು ಬಿಡು, ನೋಡಿದ್ದು ಸಾಕು ಎಂದು ದಡಕ್ಕೆ ತಿರುಗಿದವರನ್ನು ಮಾರ್ಗದರ್ಶಿ ತಡೆದು, ತನ್ನ ಪೆಟ್ಟಿಗೆಯಿಂದ ವ್ಯಾಸಲೀನ್ ಡಬ್ಬಿ ತೆಗೆದು ಮೀಸೆಗೆ ದಪ್ಪಗೆ ಬಳಿದ. ಆಮೇಲೆ ನೀರು ನುಗ್ಗಲಿಲ್ಲ. ಲೈಫ್ ಜಾಕೆಟ್ ಹಾಕಿ, ಎದೆಯುದ್ದ ನೀರಿನಲ್ಲಿ, ಮಾರ್ಗದರ್ಶಿ ಹಿಡಿದ ತೇಲುವ ಬಳೆಯನ್ನು ಹಿಡಿದುಕೊಂಡು ಅವರು ಮುಖ ಮೇಲೆತ್ತದೆ ತೇಲುತ್ತಿದ್ದದ್ದನ್ನು ಮಗಳು ನನಗೆ ಆಮೇಲೆ ವಿವರಿಸಿದಳು. ಮೊಮ್ಮಗ ಬ್ರೆಡ್ಡು ಹಾಕಿ ಮೀನು ಕರೆಯಲು ಹೊರಟಾಗ ಮಾರ್ಗದರ್ಶಿ ಅದನ್ನು ಕಸಿದುಕೊಂಡನಂತೆ, ಸರಿಯಾದ ಕೆಲಸ.

ಊಟ 12.30ಕ್ಕೆ. ವೈದ್ಯರು ಹೇಳಿದ್ದಂತೆ, ಡಬ್ಬಿ ತೆರೆದು ಅನ್ನ ಕಣ್ಣೆದುರಿಗೆ ಬಂದ ಮೇಲೆಯೇ ಯಜಮಾನರ ಪತ್ನಿ ಇಂಜೆಕ್ಷನ್ ತೆಗೆದುಕೊಂಡರು. ಬೆಳಗಿನ ಯೋಜನೆಯೆಲ್ಲ ಹಿಂದೆ ಬಿದ್ದರೂ ಇದು ಮಾತ್ರ ಒಂದು ನಿಮಿಷವೂ ಕದಲಲಿಲ್ಲ.

1.45ಕ್ಕೆ, ಅಂದರೆ ತಮ್ಮ ವಾಚಿನಲ್ಲಿ 2.45 ಆದಾಗ, ಅತ್ತೆ ಎದ್ದು ನಿಂತರು. ಬಂದದ್ದೇ ತಡವಾಗಿದೆ, ಇನ್ನು ಅರ್ಧ ಗಂಟೆ ಇರೋಣವೆಂದು ಮಗ ಕೇಳಿಕೊಂಡ. “ಬರುವಾಗ ತಡವಾದ ದಾರಿ ಹೋಗುವಾಗ ಬೇಗ ಆಗತ್ತೇನೋ?” ಎಂದವರೇ ಏಣಿಯ ಕಡೆಗೆ ನಡೆದರು. ಪಾಟಾಂಗ್‌ಗೆ ಇಳಿಯುವ ಗುಡ್ಡದ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿದ್ದರಿಂದ ತಲುಪಿದಾಗ 3.30, ಟೆಂಡರ್ ಸಾಲು ಬಿಸಿಲಿನಲ್ಲಿ ಮರಳಿನ ಮೇಲೆ ಉದ್ದವಾಗಿ ಬೆಳೆದಿತ್ತು, ಹಿರಿಯರಿಗೆ ಮಾತ್ರ ಹಡಗಿನವರು ಛತ್ರಿಯಡಿ ಕುರ್ಚಿ ಕೊಟ್ಟರು. ಹಡಗಿಗೆ ಕಾಲಿಟ್ಟಾಗ ಫುಕೆಟ್ ಸಮಯ 4.20. ದಡದಲ್ಲಿ ಮಸಾಜ್ ಮಾಡಿಸಿಕೊಳ್ಳುತ್ತ, ಆರಕ್ಕೆ ಇನ್ನೂ ಬೇಕಾದಷ್ಟು ಹೊತ್ತಿದೆ ಎಂದು ಮೊಬೈಲ್ ತೋರಿಸಿದ ಇದೇ ಹಡಗಿನ ದಂಪತಿಗೆ ಅಳಿಯ ವಿಷಯ ತಿಳಿಸಿ ಎಬ್ಬಿಸಿದರಂತೆ.

ನಂತರದ ಮಾತು

ಕುಟುಂಬ ಊರಿಗೆ ಮರಳಿದ ಮೇಲೆ ವಿವರ ಕೇಳಿದಾಗ, ಬದಲಿಸಬೇಕಾದದ್ದು ಎರಡು ಎಂದು ತೋರಿತು. ವ್ಯಾನು ನಿಲ್ಲುವ ಜಾಗವನ್ನು ಸಂಸ್ಥೆಯವರು ಕಡಲತೀರದ ರಸ್ತೆಯೆಂದು ಬರೆದುಕೊಟ್ಟಿದ್ದರು. ಹಡಗು ಬಂದ ದಿನ ಆ ರಸ್ತೆ ತೆರವಾಗಿರುವುದು ಅಪರೂಪ. ಗುರುತಿರುವ ಯಾವುದಾದರೂ ಹೋಟೆಲಿನ ಮುಂಬಾಗಿಲನ್ನು ಸೂಚಿಸುವುದು ಮೇಲು. ಇನ್ನೊಂದು, ಪಾಸ್‌ಪೋರ್ಟಿನ ನೆರಳಚ್ಚು ಪ್ರತಿಗಳನ್ನೆಲ್ಲ ಮಗ ಒಂದೇ ಚೀಲದಲ್ಲಿ ಇಟ್ಟುಕೊಂಡಿದ್ದ. ಹಡಗಿನ ದಿನಪತ್ರಿಕೆಯಲ್ಲಿ ಬಂದರಿನ ಏಜೆಂಟರ ಫೋನ್ ಸಂಖ್ಯೆ ಅಚ್ಚಾಗಿರುತ್ತದೆ. ಅದೂ ಪಾಸ್‌ಪೋರ್ಟಿನ ಪ್ರತಿಯೂ ಪ್ರತಿ ದೊಡ್ಡವರ ಜೇಬಿನಲ್ಲಿ ಬೇರೆ ಬೇರೆಯಾಗಿ ಇರಬೇಕು, ಏಕೆಂದರೆ ಗುಂಪು ಚದುರಿದಾಗ ಹಡಗು ತಪ್ಪುವುದು ಸಾಮಾನ್ಯವಾಗಿ ಒಬ್ಬಿಬ್ಬರಿಗೆ.

ಮೊಮ್ಮಗನ ತಲೆಯಿಂದ ಫಿ ಫಿ ಇನ್ನೂ ಹೋಗಿಲ್ಲ. ಅದನ್ನು ನೋಡಲೇಬೇಕೆಂದರೆ ಹಡಗಿನ ನಿಲುಗಡೆಯಲ್ಲಿ ಅಲ್ಲ, ವಿಮಾನದಲ್ಲಿ ಫುಕೆಟ್‌ಗೋ ಕ್ರಾಬಿಗೋ ಹೋಗಿ, ದ್ವೀಪದಲ್ಲೇ ಒಂದು ರಾತ್ರಿ ಉಳಿದು, ದಿನದ ಬೋಟುಗಳು ಬರುವುದಕ್ಕೆ ಮುಂಚಿನ ಬೆಳಗಿನಲ್ಲಿ ಮಾಯಾ ಬೇ ನೋಡುವುದು ಸೂಕ್ತವೆಂದು ಹೇಳಿದ್ದೇನೆ. ಸಮುದ್ರ ಶಾಂತವಾಗಿರುವ ನವೆಂಬರ್‌ನಿಂದ ಮಾರ್ಚ್‌ವರೆಗೆ ತೋಟದಲ್ಲಿ ಕೊಯ್ಲು, ದಸರಾ ರಜೆಯಲ್ಲಿ ಅಲ್ಲಿ ಇನ್ನೂ ಮಳೆ, ಬೇಸಿಗೆ ರಜೆಯಲ್ಲಿ ಸಾಂಗ್‌ಕ್ರಾನ್ ಕಳೆದು ಮಾರುತ ಹಿಡಿಯುವುದರೊಳಗೆ ಸಿಗುವುದು ಏಪ್ರಿಲ್ ಕೊನೆಯ ಹತ್ತು ದಿನ. ಆ ಹೊತ್ತಿಗೆ ಕಾಫಿ ಹೂ ಅರಳಿಸುವ ಹೂಮಳೆ, ಅದರ ಬೆನ್ನಿಗೆ ಬರಬೇಕಾದ ಮಳೆ ಎರಡೂ ಸರಿಯಾಗಿ ಬಿದ್ದಿದ್ದರೆ ಮಾತ್ರ ಹೊರಡುವ ಮಾತು ಎಂದು ಯಜಮಾನರು ಷರತ್ತು ಹಾಕಿರುವುದರಿಂದ, ಟಿಕೆಟ್ಟನ್ನು ಇನ್ನೂ ಕಾಯ್ದಿರಿಸಿಲ್ಲ.